ತಿನ್ನಲೆಂದೇ ಹೋಗುವವರ ಸೀಸನ್ ಬೇರೆ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಪ್ರವಾಸ ಪುಟದಲ್ಲಿ ಯಾವ ಊರಿನ ಪರಿಚಯ ಬಂದರೂ ಕೊನೆಗೆ ‘ಭೇಟಿಗೆ ಸೂಕ್ತ ಕಾಲ’ ಎಂಬ ಒಂದು ಸಾಲು ಇರುತ್ತದೆ. ಕೋಟೆ, ಗುಡ್ಡ, ಕಡಲತೀರ ನೋಡಿ ಬರುವವರಿಗೆ ಅಷ್ಟು ಸಾಕು. ಬೀದಿ ಬದಿಯ ತಿನಿಸಿಗಾಗಿಯೇ ರಜೆ ಹಾಕಿ, ವಿಮಾನದ ಟಿಕೆಟ್ ತೆಗೆದು ಹೊರಡುವವರಿಗೆ ಅದು ಸಾಲದು. ಎಷ್ಟೋ ಸಲ ದಾರಿಯನ್ನೂ ತಪ್ಪಿಸುತ್ತದೆ. ಆ ಸಾಲು ಹುಟ್ಟುವುದು ಹಗಲಿನ ಉಷ್ಣಾಂಶ, ತಿಳಿಯಾದ ಆಕಾಶ ಇವೆರಡರ ಲೆಕ್ಕದಿಂದ. ತಿನ್ನಲು ಹೋಗುವವರು ಬೀದಿಯಲ್ಲಿರುವ ಹೊತ್ತೇ ಬೇರೆ: ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 11. ನಡುಮಧ್ಯಾಹ್ನದ ಬಿಸಿಲು ಎಷ್ಟಿತ್ತು ಎಂಬುದು ಅವರಿಗೆ ಅಷ್ಟು ಮುಖ್ಯವಲ್ಲ. ಸಂಜೆ ಏಳಕ್ಕೆ ಗಾಡಿಗಳು ಬಂದು ನಿಲ್ಲುತ್ತವೆಯೇ, ಬಂದರೆ ಆ ತಿಂಗಳು ಅವುಗಳ ಮೇಲಿರುವ ಸರಕು ಎಂಥದು, ತಿಂದದ್ದನ್ನು ಹೊಟ್ಟೆ ತಡೆದುಕೊಳ್ಳುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಸಿಗುವ ತಿಂಗಳೇ ಅವರ ಸೀಸನ್. ಈ ಲೆಕ್ಕ ಹಾಕುವ ಬಗೆಯನ್ನು ನಿಮ್ಮ ಓದುಗರ ಮುಂದಿಡಲು ಈ ಪತ್ರ.

ಮಳೆಯಿಂದ ಶುರು ಮಾಡೋಣ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ತಿಂಗಳ ಒಟ್ಟು ಮಳೆ ಎಷ್ಟು ಮಿಲಿಮೀಟರ್ ಎಂದು ನೋಡಿ, ಜಾಸ್ತಿ ಕಂಡ ತಿಂಗಳನ್ನು ಪಟ್ಟಿಯಿಂದ ತೆಗೆದುಬಿಡುತ್ತಾರೆ. 200 ಮಿ.ಮೀ. ಮಳೆ ಹತ್ತೇ ಸಲ ಜೋರಾಗಿ ಸುರಿದು ಮುಗಿದರೆ ಉಳಿದ ಇಪ್ಪತ್ತು ಸಂಜೆ ನಿರಾತಂಕ. 80 ಮಿ.ಮೀ. ಮಳೆಯೇ ಇಪ್ಪತ್ತು ದಿನ ಸೋನೆ ಹಿಡಿದರೆ ತಿಂಗಳಿಡೀ ಬೀದಿ ಒದ್ದೆ, ಗಿರಾಕಿಯೂ ಇಲ್ಲ, ಗಾಡಿಯೂ ಇಲ್ಲ. ಹಾಗಾಗಿ ಒಟ್ಟು ಮಳೆಗಿಂತ ಮೊದಲು ಮಳೆ ಬಿದ್ದ ದಿನಗಳ ಸಂಖ್ಯೆ ನೋಡಬೇಕು. ಹವಾಮಾನ ಇಲಾಖೆಗಳು ಪ್ರಕಟಿಸುವ 1991–2020ರ ಮೂವತ್ತು ವರ್ಷಗಳ ಸರಾಸರಿ ಪಟ್ಟಿಗಳಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ ಪಕ್ಕದ ಕಾಲಮ್ಮಿನಲ್ಲೇ ಇರುತ್ತದೆ.

ಅದಾದ ಮೇಲೆ, ಮಳೆ ಯಾವ ಹೊತ್ತಿಗೆ ಬರುತ್ತದೆ? ಉಷ್ಣವಲಯದ ಒಳನಾಡಿನಲ್ಲಿ ಬೆಳಗಿನ ಬಿಸಿಲಿಗೆ ನೆಲ ಕಾದು, ಮೋಡ ಕಟ್ಟಿ, ಮಧ್ಯಾಹ್ನ ಮೂರರಿಂದ ಆರರೊಳಗೆ ಸುರಿದು, ರಾತ್ರಿಗೆ ಬಿಡುವುದು ಸಾಮಾನ್ಯ. ಕಡಲ ಮೇಲೆ, ಕೆಲವು ಕರಾವಳಿಗಳಲ್ಲಿ ಮಳೆ ಹೆಚ್ಚುವುದು ನಡುರಾತ್ರಿ ಕಳೆದ ಮೇಲೆ, ನಸುಕಿನ ಹೊತ್ತಿಗೆ. ಮೊದಲನೆಯದರಲ್ಲಿ ಬೆಳಗಿನ ತಿಂಡಿಯ ಬೀದಿಗೆ ಏನೂ ತೊಂದರೆಯಿಲ್ಲ. ಎರಡನೆಯದರಲ್ಲಿ ಬೆಳಗಿನ ಸಂತೆಯೇ ಕೈತಪ್ಪುತ್ತದೆ. ಹೋಗಬೇಕೆಂದಿರುವ ವಾರದ ಹಿಂದಿನ ಮೂರು ವರ್ಷಗಳ ಗಂಟೆವಾರು ಮಳೆ ದಾಖಲೆ ತೆಗೆದು, ಸಂಜೆ 4ರಿಂದ 10ರವರೆಗಿನ ಮಳೆಯನ್ನಷ್ಟೇ ಎಣಿಸಿದರೆ ಅರ್ಧ ಗಂಟೆಯಲ್ಲಿ ಚಿತ್ರ ಸ್ಪಷ್ಟವಾಗುತ್ತದೆ.

ನಾಲ್ಕು ಗಂಟೆಯಿಂದಲೇ ಎಣಿಸುವುದಕ್ಕೆ ಕಾರಣವಿದೆ. ರಾತ್ರಿ ವ್ಯಾಪಾರದವರು ಒಲೆ ಹೊತ್ತಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಆ ಹೊತ್ತಿಗೆ. ಹಿಟ್ಟು ಕಲೆಸಿ, ತರಕಾರಿ ಹೆಚ್ಚಿಬಿಟ್ಟರೆ ಮಾರಲೇಬೇಕು, ಇಲ್ಲದಿದ್ದರೆ ಬಂಡವಾಳವೇ ಹೋಯಿತು. ನಾಲ್ಕಕ್ಕೆ ಮೋಡ ಕವಿದು ಹನಿ ಬಿದ್ದರೆ ಅವರು ಹೊರಡುವುದೇ ಇಲ್ಲ. ಏಳಕ್ಕೆ ಆಕಾಶ ತೊಳೆದಿಟ್ಟಂತಿದ್ದರೂ ಬೀದಿ ಖಾಲಿ. ಅದೇ ಮಳೆ ಎಂಟಕ್ಕೆ ಬಂದರೆ ತಾಡಪಾಲು ಎಳೆದುಕೊಂಡು ವ್ಯಾಪಾರ ಮುಂದುವರಿಸುತ್ತಾರೆ. ಎಂಟರ ಮಳೆಗೆ ಹೆದರಿ ಪ್ರವಾಸ ಮುಂದೂಡಬೇಕಿಲ್ಲ, ನಾಲ್ಕರ ಮಳೆಗೆ ಹೆದರಬೇಕು.

ಇಷ್ಟೆಲ್ಲ ನೋಡಿಯೂ ಒಂದೆರಡು ಸಂಜೆ ಕೈಬಿಡಬಹುದು. ಅದಕ್ಕೆ ದಿನಗಳನ್ನೇ ಸ್ವಲ್ಪ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಒಂದು ಸಂಜೆ ಮಳೆಗೆ ಹೋಗುವ ಸಾಧ್ಯತೆ ಶೇ 30 ಎಂದಿಟ್ಟುಕೊಳ್ಳಿ. ಎರಡೇ ಸಂಜೆ ಇಟ್ಟುಕೊಂಡರೆ ಅದರಲ್ಲಿ ಒಂದಾದರೂ ಹಾಳಾಗುವ ಸಾಧ್ಯತೆ ಶೇ 51. ನಾಲ್ಕು ಸಂಜೆ ಇಟ್ಟುಕೊಂಡರೆ ಸರಾಸರಿ ಸುಮಾರು ಮೂರಕ್ಕೆ ಮೋಸವಿಲ್ಲ. ಮೂರು ಊರಿಗೆ ಎರಡೆರಡು ರಾತ್ರಿ ಹಂಚುವುದಕ್ಕಿಂತ ಎರಡೇ ಊರಿನಲ್ಲಿ ಮೂರರಿಂದ ನಾಲ್ಕು ರಾತ್ರಿ ಉಳಿಯುವುದು ಮೇಲು. ಆ ಸಂಜೆಗಳಲ್ಲಿ ಯಾವುದೂ ಅಂಗಡಿಗಳ ವಾರದ ರಜೆಯ ದಿನಕ್ಕೆ ಬೀಳದಂತೆಯೂ ನೋಡಿಕೊಳ್ಳಬೇಕು. ಬ್ಯಾಂಕಾಕ್‌ನಲ್ಲಿ ಪಾದಚಾರಿ ದಾರಿ ತೊಳೆಯುವ ಸಲುವಾಗಿ ಸೋಮವಾರ ಅನೇಕ ಗಾಡಿಗಳು ಬರುವುದಿಲ್ಲ. ಭಾನುವಾರ ರಾತ್ರಿ ಇಳಿದು ಮಂಗಳವಾರ ಹೊರಡುವವರಿಗೆ ಕಾಣುವುದು ಅರೆಬರೆ ಖಾಲಿ ಬೀದಿ.

ಇನ್ನು ಹವೆ ತಿನಿಸಿನ ಮೇಲೆಯೇ ಏನು ಮಾಡುತ್ತದೆ ಎಂಬುದು. ಕರಿದ ತಿನಿಸು ಗರಿಗರಿಯಾಗಿರುವುದು ಅದರ ಹೊರಪದರದಲ್ಲಿ ನೀರಿಲ್ಲದ್ದರಿಂದ. ಗಾಳಿಯ ತೇವ ಶೇ 85 ದಾಟಿದ ಸಂಜೆ ಆ ಪದರ ಗಾಳಿಯಿಂದಲೇ ನೀರು ಹೀರುತ್ತದೆ, ಒಳಗಿನ ಹಬೆಯೂ ಹೊರಬರುತ್ತಾ ಅದನ್ನು ಮೆತ್ತಗಾಗಿಸುತ್ತದೆ. ಬಾಣಲೆಯಿಂದ ತೆಗೆದ ಸ್ವಲ್ಪ ಹೊತ್ತಿಗೇ ಗರಿ ಹೋಗುವುದರಿಂದ ಅಂಗಡಿಯವರು ಅದನ್ನೇ ಮತ್ತೆ ಎಣ್ಣೆಗೆ ಬಿಡುತ್ತಾರೆ, ಅದು ಇನ್ನಷ್ಟು ಎಣ್ಣೆ ಕುಡಿಯುತ್ತದೆ. ಮಳೆಗಾಲದಲ್ಲಿ ಕರಿದದ್ದು ಜಿಡ್ಡು ಎನಿಸುವುದಕ್ಕೆ ಇದೂ ಒಂದು ಕಾರಣ. ಆ ತಿಂಗಳಲ್ಲಿ ಹೋಗಲೇಬೇಕಾದರೆ ಹಬೆಯಲ್ಲಿ ಬೆಂದದ್ದು, ಕುದಿಯುವ ಸಾರಿನದ್ದು, ಕಾವಲಿಯಿಂದ ನೇರ ತಟ್ಟೆಗೆ ಬರುವುದು ಇವುಗಳತ್ತ ವಾಲಬೇಕು. ಹುದುಗು ಹಿಟ್ಟಿನ ತಿನಿಸುಗಳದ್ದು ಬೇರೆ ಕಥೆ: ಸೆಕೆಗೆ ಬೇಗ ಹುಳಿಯೇರುತ್ತವೆ, ಚಳಿಗೆ ಏಳುವುದೇ ಇಲ್ಲ. ಹಿಟ್ಟಿನ ಹದ ಸರಿಯಾಗಿ ಸಿಗುವುದು ರಾತ್ರಿ ತೀರಾ ಸೆಕೆಯೂ ತೀರಾ ಚಳಿಯೂ ಇಲ್ಲದಿರುವಾಗ. ಇದ್ದಿಲ ಕೆಂಡದ ಅಡುಗೆ ನೋಡಲು ಹೋಗುವವರಿಗೆ ಒಣ ತಿಂಗಳೇ ಆಗಬೇಕು. ತೇವ ಹಿಡಿದ ಇದ್ದಿಲು ಕೆಂಡವಾಗುವ ಬದಲು ಹೊಗೆಯಾಡುತ್ತದೆ, ಆ ಹೊಗೆಯ ಕಹಿ ತಿನಿಸಿಗೂ ಅಂಟುತ್ತದೆ.

ಚಳಿ ಎಂದರೆ ಒಳ್ಳೆಯದೇ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಚಳಿಗಾಳಿ ಬೀಸುವ ಬಯಲಿನಲ್ಲಿ ಒಲೆಯ ಉರಿ ಪಕ್ಕಕ್ಕೆ ವಾಲಿ ಶಾಖ ಬಾಣಲೆಗೆ ತಲುಪುವುದಿಲ್ಲ. ಸಿಲಿಂಡರಿನಲ್ಲಿರುವ ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದಾಗ ಅನಿಲವಾಗುವುದನ್ನೇ ನಿಲ್ಲಿಸುತ್ತದೆ, ಚಳಿಯಲ್ಲೂ ಅನಿಲವಾಗುವ ಪ್ರೊಪೇನ್‌ನ ಪಾಲು ಕಡಿಮೆಯಿದ್ದ ಸಿಲಿಂಡರುಗಳು ಸೊರಗುತ್ತವೆ. ಎಣ್ಣೆ ತಣ್ಣಗಾಗಿ ಹೊರಗೆ ಬಣ್ಣ ಬಾರದೆ, ತಿನಿಸು ಎಣ್ಣೆ ಕುಡಿದು ಮೆತ್ತಗಾಗುವುದು ಇಂಥ ರಾತ್ರಿಗಳಲ್ಲಿ. ಗಾಳಿಯ ವೇಗ ಗಂಟೆಗೆ 30 ಕಿ.ಮೀ. ದಾಟುವ ಮುನ್ಸೂಚನೆಯಿದ್ದರೆ ಬಯಲು ಮಾರುಕಟ್ಟೆ ಬಿಟ್ಟು ಓಣಿಗಳಲ್ಲಿರುವ ಅಂಗಡಿಗಳನ್ನು ಹುಡುಕುವುದು ವಾಸಿ.

ಸೆಕೆಯ ಲೆಕ್ಕಕ್ಕೆ ಉಷ್ಣಾಂಶಕ್ಕಿಂತ ಒಳ್ಳೆಯ ಅಳತೆ ಡ್ಯೂ ಪಾಯಿಂಟ್, ಅಂದರೆ ಗಾಳಿಯಲ್ಲಿನ ತೇವ ಇಬ್ಬನಿಯಾಗಿ ಇಳಿಯಲು ಶುರುವಾಗುವ ಉಷ್ಣಾಂಶ. ಅದು 16 ಡಿಗ್ರಿಗಿಂತ ಕೆಳಗಿದ್ದರೆ ಹಾಯಾಗಿ ನಡೆಯಬಹುದು, 21ರ ಮೇಲೆ ಮೈ ಅಂಟಂಟು, 24 ದಾಟಿದರೆ ಬೆವರು ಆರುವುದೇ ಕಷ್ಟ. ಬೆವರು ಆರದ ರಾತ್ರಿ ಹಸಿವು ಸತ್ತಿರುತ್ತದೆ. ಒಂದು ಸಂಜೆಗೆ ಆರೇಳು ಕಡೆ ಸ್ವಲ್ಪ ಸ್ವಲ್ಪ ತಿನ್ನಬೇಕೆಂದು ಹೋದವರು ಎರಡನೆಯ ಅಂಗಡಿಯ ಮುಂದೆ ತಂಪು ಪಾನೀಯ ಹಿಡಿದು ಕೂತುಬಿಡುತ್ತಾರೆ. ದೂರದ ಊರಿಗೆ ಹೋಗಿ ಹಸಿವನ್ನೇ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ ಈ ಬಗೆಯ ಪ್ರವಾಸದಲ್ಲಿ ಇನ್ನೊಂದಿಲ್ಲ.

ಹೊಟ್ಟೆಯ ವಿಚಾರವನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಸರಳ: ಬೇಯಿಸಿದ ಆಹಾರ 5 ಡಿಗ್ರಿಗಿಂತ ಕೆಳಗೆ ಅಥವಾ 60 ಡಿಗ್ರಿಗಿಂತ ಮೇಲೆ ಇರಬೇಕು, ಹೊರಗಿನ ಹವೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಹವೆ 32 ಡಿಗ್ರಿ ದಾಟಿದಾಗ ಆ ಎರಡು ಗಂಟೆಯನ್ನು ಒಂದೇ ಗಂಟೆ ಎಂದು ಎಣಿಸಬೇಕು ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಅನುಕೂಲದ ಬಿಸಿಯಲ್ಲಿ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಒಂದು ಇದ್ದದ್ದು ಎರಡು ಗಂಟೆಗೆ 64, ನಾಲ್ಕು ಗಂಟೆಗೆ 4096. ಮತ್ತೆ ಬಿಸಿ ಮಾಡಿದರೆ ಸರಿಹೋಗುತ್ತದೆ ಎನ್ನುವಂತೆಯೂ ಇಲ್ಲ. ಬೆಂದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಡುಗೆಯ ಬಿಸಿಯನ್ನೂ ತಾಳುತ್ತವೆ. ಅದು ಬಿಟ್ಟ ವಾಂತಿ ತರಿಸುವ ವಿಷ ಮರುಬಿಸಿಗೂ ಹಾಳಾಗುವುದಿಲ್ಲ. ಬಿರುಬೇಸಿಗೆಯಲ್ಲಿ ಮಧ್ಯಾಹ್ನ ಬೇಯಿಸಿ ಸಂಜೆ ಹುರಿದುಕೊಡುವ ಅನ್ನವನ್ನು ದೂರವಿಡಬೇಕಾದ್ದು ಇದಕ್ಕೇ. ದಕ್ಷಿಣ ಏಷ್ಯಾದಲ್ಲಿ ಪ್ರವಾಸಿಗರಿಗೆ ಭೇದಿ ಹೆಚ್ಚಾಗಿ ತಗಲುವುದು ಮುಂಗಾರಿಗೆ ಮುಂಚಿನ ಬಿಸಿ ತಿಂಗಳುಗಳಲ್ಲಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) ಕೂಡ ಎಚ್ಚರಿಸುತ್ತದೆ. ಆಗ ನೊಣ ಹೆಚ್ಚು, ನೀರು ಕಡಿಮೆ, ಐಸಿಗೆ ಬೇಡಿಕೆ ವಿಪರೀತ. ನೀರಿಗೆ ಬರ ಬಂದಾಗ ತಟ್ಟೆ ತೊಳೆಯುವ ಬಕೆಟ್ಟಿನ ನೀರೇ ಮೊದಲು ಬದಲಾಗುವುದು ನಿಲ್ಲುತ್ತದೆ. ಮೊದಲ ಎರಡು ವಾರದ ಮಳೆಯೂ ಅಷ್ಟೇ ಅಪಾಯದ್ದು. ತಿಂಗಳುಗಟ್ಟಲೆ ನೆಲದ ಮೇಲೆ ಬಿದ್ದಿದ್ದ ಕೊಳೆಯನ್ನೆಲ್ಲ ಅದು ನೀರಿನ ಮೂಲಕ್ಕೆ ಕೊಚ್ಚಿ ತರುತ್ತದೆ. ಬಿರುಬಿಸಿಲಿನ ಕೊನೆ, ಮಳೆಯ ಆರಂಭ ಸೇರಿದ ಆರು ವಾರವನ್ನು ಬಿಟ್ಟುಬಿಡುವುದು ನಮ್ಮ ಖಚಿತ ಸಲಹೆ. ಅದಕ್ಕೆ ಎದುರಾಗಿ, ಮಳೆ ಮುಗಿದ ಮೊದಲ ನಾಲ್ಕರಿಂದ ಆರು ವಾರ ಬಹುಪಾಲು ಉಷ್ಣವಲಯದ ಊರುಗಳಲ್ಲಿ ಬಲು ಚೆಂದದ ಕಾಲ: ನೀರು ತುಂಬಿರುತ್ತದೆ, ಗಾಳಿ ತೊಳೆದಿರುತ್ತದೆ, ಹೊಸ ಸೊಪ್ಪು ತರಕಾರಿ ಬಂದಿರುತ್ತದೆ, ಪ್ರವಾಸಿಗರ ಜಾತ್ರೆ ಇನ್ನೂ ಶುರುವಾಗಿರುವುದಿಲ್ಲ.

ತಂಪು ದೇಶದ ಚಳಿಗಾಲಕ್ಕೂ ತನ್ನದೇ ಕಾಯಿಲೆ ಇದೆ. ವಾಂತಿಭೇದಿ ತರುವ ನೋರೋವೈರಸ್ ಅಲ್ಲಿ ಹೆಚ್ಚುವುದು ಚಳಿಗಾಲದಲ್ಲೇ. ಸ್ಯಾನಿಟೈಸರ್ ಅದರ ಮೇಲೆ ಸರಿಯಾಗಿ ಕೆಲಸ ಮಾಡದು; ಸಾಬೂನು, ನೀರು ಬೇಕು. ಟೈಫಾಯ್ಡ್ ಮತ್ತು ಹೆಪಟೈಟಿಸ್ ಎ ಲಸಿಕೆಗಳನ್ನು ವೈದ್ಯರನ್ನು ಕೇಳಿ ಹೊರಡುವ ಕನಿಷ್ಠ ಎರಡು ವಾರ ಮೊದಲೇ ಹಾಕಿಸಿಕೊಂಡಿರಬೇಕು. ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಸಮತಟ್ಟಾಗಿ ಅಳೆದು.

ಹಬ್ಬದ ಲೆಕ್ಕಕ್ಕೆ ಬಂದರೆ, ‘ಹಬ್ಬಕ್ಕೆ ಹೋದರೆ ತಿನ್ನಲು ಭರ್ಜರಿ’ ಎಂಬ ಮಾತು ಅರ್ಧ ಸತ್ಯ. ಬೀದಿಯಲ್ಲೇ ನಡೆಯುವ ಹಬ್ಬಗಳಿಗೆ ಅದು ಸರಿ. ಮನೆಯೊಳಗೆ ಕೂತು ಉಣ್ಣುವ ಹಬ್ಬಗಳಲ್ಲಿ ಬೀದಿ ಸತ್ತುಹೋಗಿರುತ್ತದೆ. ವ್ಯಾಪಾರದವರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದವರು, ಹಬ್ಬಕ್ಕೆ ತಮ್ಮ ಊರಿಗೆ ಹೊರಟಿರುತ್ತಾರೆ. ವಿಯೆಟ್ನಾಮಿನ ಹೊಸ ವರ್ಷದ ಹಬ್ಬವಾದ ಟೆಟ್ ಸಮಯದಲ್ಲಿ ವಾರದಷ್ಟು ಕಾಲ ಅಂಗಡಿಗಳು ಮುಚ್ಚಿರುವುದು, ಏಪ್ರಿಲ್ 13ರಿಂದ 15ರ ಥಾಯ್ ಹೊಸ ವರ್ಷ ಸೋಂಗ್‌ಕ್ರಾನ್‌ನಲ್ಲಿ ಬ್ಯಾಂಕಾಕ್‌ನ ಎಷ್ಟೋ ಗಾಡಿಗಳು ಕಾಣೆಯಾಗುವುದು ಹೀಗೆ. ಹೋಗಬೇಕಾದ್ದು ಹಬ್ಬದ ಹಿಂದಿನ ವಾರ. ಆಗ ಮಾರುಕಟ್ಟೆ ತುಂಬಿ ತುಳುಕುತ್ತದೆ, ಹಬ್ಬಕ್ಕೇ ಮೀಸಲಾದ ತಿನಿಸುಗಳು ಹೊರಬಂದಿರುತ್ತವೆ, ಕೈಗಳಲ್ಲಿ ಇನ್ನೂ ಉತ್ಸಾಹವಿರುತ್ತದೆ. ಹಬ್ಬ ಮುಗಿದ ವಾರ ಮಾತ್ರ ಯಾವ ಕಾರಣಕ್ಕೂ ಬೇಡ.

ಚಾಂದ್ರಮಾನದ ಹಬ್ಬಗಳ ತಾರೀಖು ಪ್ರತಿ ವರ್ಷ ಸರಿಯುವುದರಿಂದ ಹಳೆಯ ಲೇಖನ ನೋಡಿ ತಿಂಗಳು ಗೊತ್ತುಮಾಡುವಂತಿಲ್ಲ. ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಚೀನೀ ಪಂಚಾಂಗಕ್ಕೆ ನಮ್ಮ ಅಧಿಕ ಮಾಸದಂಥದೇ ಹೆಚ್ಚುವರಿ ತಿಂಗಳಿರುವುದರಿಂದ ಅದರ ಹೊಸ ವರ್ಷ ಹಿಂದೆ ಸರಿಯುತ್ತಾ ಹೋಗಿ ಮತ್ತೆ ಮುಂದಕ್ಕೆ ಜಿಗಿಯುತ್ತದೆ. 2027ರಲ್ಲಿ ಚೀನೀ ಹೊಸ ವರ್ಷ ಫೆಬ್ರುವರಿ 6ಕ್ಕೆ, ರಂಜಾನ್ ಆರಂಭ 8ರ ಆಸುಪಾಸಿಗೆ. 2028ರಲ್ಲಿ ಜನವರಿ 26 ಮತ್ತು 28ರ ಸುಮಾರಿಗೆ ಮತ್ತೆ ಜೊತೆಯಾಗಿ ಬರುತ್ತವೆ. ಮಲೇಷ್ಯಾದಂಥ ದೇಶಕ್ಕೆ ಆ ದಿನಗಳಲ್ಲಿ ಹೋದರೆ ಒಂದು ಸಮುದಾಯದ ಅಂಗಡಿಗಳು ರಜೆಯಲ್ಲಿರುತ್ತವೆ, ಇನ್ನೊಂದರವು ಹಗಲಿಗೆ ಮುಚ್ಚಿರುತ್ತವೆ. ಅದೇ ಎರಡು ವಾರ ತಡವಾಗಿ ಹೋದರೆ ರಜೆ ಮುಗಿದಿರುತ್ತದೆ, ಮಧ್ಯಾಹ್ನ ಮೂರು ನಾಲ್ಕಕ್ಕೆ ತೆರೆಯುವ ರಂಜಾನ್ ಬಜಾರುಗಳು ರಂಗೇರಿರುತ್ತವೆ. ಉಪವಾಸ ಬಿಡುವ ಹೊತ್ತಿಗೆ ಸರಕು ಖಾಲಿಯಾಗುವುದರಿಂದ ಅಲ್ಲಿಗೆ ಐದರೊಳಗೆ ತಲುಪಬೇಕು. ಕೊಂಡದ್ದನ್ನು ಉಪವಾಸವಿರುವವರ ಎದುರಿಗೆ ತಿನ್ನದೆ ಸೂರ್ಯಾಸ್ತದವರೆಗೆ ಕಾಯುವುದು ಮರ್ಯಾದೆ.

ಸಸ್ಯಾಹಾರಿ ಓದುಗರಿಗೆ ಇಲ್ಲೊಂದು ಮುಖ್ಯ ಸಂಗತಿ. ನಿಮ್ಮ ಸೀಸನ್ನನ್ನು ಹವಾಮಾನಕ್ಕಿಂತ ವ್ರತದ ದಿನಗಳು ತೀರ್ಮಾನಿಸುತ್ತವೆ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರಿಗೆ ಮುಂಚೆ 55 ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟುವುದಿಲ್ಲ. ವರ್ಷದ ಬಹುಪಾಲು ಬುಧವಾರ, ಶುಕ್ರವಾರಗಳಲ್ಲೂ ಹಾಗೆಯೇ. ಬೇರೆ ದಿನ ಕೇಳಿ ಕೇಳಿ ಹುಡುಕಬೇಕಾದ ಬೇಳೆ, ಸೊಪ್ಪಿನ ಅಡುಗೆ ಆಗ ಎಲ್ಲೆಡೆ ಸಿಗುತ್ತದೆ. ಥಾಯ್ಲೆಂಡಿನ ಫುಕೆಟ್, ಬ್ಯಾಂಕಾಕ್‌ಗಳಲ್ಲಿ ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ, ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ, ಹಳದಿ ಬಾವುಟ ಕಟ್ಟಿದ ಅಂಗಡಿಗಳಲ್ಲಿ ಮೀನಿನ ಸಾಸ್ ಕೂಡ ಇಲ್ಲದ ಅಡುಗೆ ಸಿಗುತ್ತದೆ. ಪ್ರವಾಸಿ ಪಟ್ಟಿಗಳು ಮಳೆಯ ಕಾರಣಕ್ಕೆ ‘ಬೇಡ’ ಎಂದು ಬರೆಯುವ ತಿಂಗಳದು. ಛತ್ರಿ ಹಿಡಿದಾದರೂ ಹೋಗಬೇಕು.

ಒಂದು ದೇಶಕ್ಕೆ ಒಂದೇ ಸೀಸನ್ ಎಂದು ಬರೆಯುವುದೂ ನಿಲ್ಲಬೇಕು. ವಿಯೆಟ್ನಾಮನ್ನೇ ನೋಡಿ. ಉತ್ತರದ ಹನೋಯ್‌ನಲ್ಲಿ ಜನವರಿ ಚಳಿಯದು, ಫೆಬ್ರುವರಿ–ಮಾರ್ಚ್ ತುಂತುರು. ನಡುವಿನ ಹ್ಯೂ, ಹೋಯಿ ಆನ್‌ಗಳಲ್ಲಿ ಅಕ್ಟೋಬರ್–ನವೆಂಬರ್ ಪ್ರವಾಹದ ಕಾಲ. ದಕ್ಷಿಣದ ಹೋ ಚಿ ಮಿನ್ ನಗರದಲ್ಲಿ ಮೇನಿಂದ ನವೆಂಬರ್‌ವರೆಗೆ ಮಳೆ. ಅಕ್ಟೋಬರಿನಲ್ಲಿ ಹನೋಯ್ ಹಿತವಾಗಿರುತ್ತದೆ, ಹೋಯಿ ಆನ್ ನೀರಿನಲ್ಲಿರಬಹುದು. ಮೂರನ್ನೂ ಒಂದೇ ಸಲ ನೋಡಬೇಕೆಂದರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲು, ಅದೂ ದಕ್ಷಿಣದ ಸೆಕೆ ಸಹಿಸುವ ಒಪ್ಪಂದದ ಮೇಲೆ. ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದ ಮೆಕ್ಸಿಕೊ ನಗರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮಧ್ಯಾಹ್ನದ ಮೇಲೆ, ಸಂಜೆಗೆ ಬರುತ್ತದೆ. ಬೆಳಗಿನ ಗಾಡಿಗಳಿಗೆ ತೊಂದರೆಯಿಲ್ಲ, ರಾತ್ರಿಯವಕ್ಕೆ ಇದೆ. ಇಸ್ತಾಂಬುಲ್‌ನಲ್ಲಿ ಮೀನಿಗಾಗಿ ಹೋಗುವವರು ಬೇಸಿಗೆಯನ್ನು ಬಿಡಬೇಕು: ಏಪ್ರಿಲ್ 15ರಿಂದ ಆಗಸ್ಟ್ ಕೊನೆಯವರೆಗೆ ದೊಡ್ಡ ಬಲೆದೋಣಿಗಳಿಗೆ ನಿಷೇಧ, ಸೆಪ್ಟೆಂಬರ್ ಶುರುವಾದ ಮೇಲೆ ತಾಜಾ ಮೀನು; ಹುರಿದ ಚೆಸ್ಟ್‌ನಟ್, ಸಲೆಪ್ ಎಂಬ ಬಿಸಿ ಹಾಲಿನ ಪಾನೀಯ ಬೇಕಾದವರು ಚಳಿಗಾಲಕ್ಕೇ ಕಾಯಬೇಕು. ಭೂಮಧ್ಯರೇಖೆಯ ಪಕ್ಕದ ಸಿಂಗಪುರದಲ್ಲಿ ಋತುವಿನ ಚಿಂತೆ ಬಹಳ ಕಡಿಮೆ. ಅಲ್ಲಿನ ಹಾಕರ್ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ಮಾನ್ಯ ಮಾಡಿದೆ; ಬೀದಿ ತಿನಿಸಿನ ಮಳಿಗೆಗಳು ಒಂದೆಡೆ ಸೇರಿರುವ ಹಾಕರ್ ಕೇಂದ್ರಗಳಿಗೆ ಸೂರು ಇದೆ. ನೋಡಿಕೊಳ್ಳಬೇಕಾದ್ದು ಮೂರು ತಿಂಗಳಿಗೊಮ್ಮೆ ಶುಚಿಗಾಗಿ ಮುಚ್ಚುವ ದಿನಗಳನ್ನು, ಅವುಗಳ ತಾರೀಖು ಮೊದಲೇ ಪ್ರಕಟವಾಗಿರುತ್ತದೆ. ಜಪಾನಿನ ಫುಕುಓಕಾದ ಯತಾಯ್ ಗಾಡಿಗಳು ಮಾತ್ರ ಗಾಳಿಮಳೆ ಬಂದ ರಾತ್ರಿ ಬರುವುದಿಲ್ಲ, ಹಾಗಾಗಿ ಜೂನ್–ಜುಲೈನ ಮಳೆ, ಆಗಸ್ಟ್–ಸೆಪ್ಟೆಂಬರಿನ ಚಂಡಮಾರುತ ಎರಡನ್ನೂ ತಪ್ಪಿಸಬೇಕು.

ಜನ ಕಡಿಮೆಯಿರುವ ಕಾಲಕ್ಕೆ ಹೋದರೆ ಅಗ್ಗ ಎನ್ನುವವರಿಗೆ ಒಂದು ಎಚ್ಚರಿಕೆ. ಬೀದಿ ತಿನಿಸಿನಲ್ಲಿ ಸುರಕ್ಷತೆಗೆ ಕಾವಲು ಎಂದರೆ ಸರಕು ಬೇಗ ಖರ್ಚಾಗುವುದು. ಪ್ರವಾಸಿಗರನ್ನೇ ನಂಬಿದ ಬೀದಿಗಳಲ್ಲಿ ಸೀಸನ್ ಮುಗಿದ ಮೇಲೆ ಅದೇ ತಟ್ಟೆ ಮೂರು ಗಂಟೆ ಕೂತಿರುತ್ತದೆ. ಆ ತಿಂಗಳಲ್ಲಿ ಕಚೇರಿ, ಆಸ್ಪತ್ರೆ, ರೈಲು ನಿಲ್ದಾಣದ ಸುತ್ತ ಹುಡುಕಬೇಕು, ಅಲ್ಲಿನ ಗಿರಾಕಿಗೆ ಸೀಸನ್ ಇಲ್ಲ. ವಿಶ್ವವಿದ್ಯಾಲಯದ ಬೀದಿಗಳು ಪರೀಕ್ಷೆ ಮುಗಿದು ರಜೆ ಬಂದರೆ ಖಾಲಿ.

ಸಂಪಾದಕರಲ್ಲಿ ವಿನಂತಿ ಇಷ್ಟೇ. ‘ಸೂಕ್ತ ಕಾಲ’ದ ಸಾಲಿನ ಕೆಳಗೆ ಇನ್ನು ನಾಲ್ಕು ಸಾಲಿಗೆ ಜಾಗ ಕೊಡಿ: ಆ ತಿಂಗಳು ಮಳೆ ಬೀಳುವ ದಿನಗಳೆಷ್ಟು ಮತ್ತು ಯಾವ ಹೊತ್ತಿಗೆ; ಸಂಜೆ ಏಳರ ಉಷ್ಣಾಂಶ, ತೇವ; ಅಂಗಡಿಗಳು ಮುಚ್ಚುವ ಹಬ್ಬ ಮತ್ತು ವಾರದ ದಿನ, ಆಯಾ ವರ್ಷದ ತಾರೀಖಿನ ಸಮೇತ; ಆ ತಿಂಗಳಲ್ಲಷ್ಟೇ ಸಿಗುವ ತಿನಿಸು. ಲೇಖಕರಿಗೆ ಇದು ಒಂದು ಗಂಟೆಯ ಕೆಲಸ. ಮುಂದಿನ ಪ್ರವಾಸ ಪುರವಣಿಯಿಂದಲೇ ಶುರುವಾದರೆ ವರ್ಷಕ್ಕೊಂದೇ ರಜೆ ಸಿಗುವ ಓದುಗರಿಗೆ ದೊಡ್ಡ ಉಪಕಾರ.

ಇತಿ ವಿಶ್ವಾಸದಿಂದ,
ನಿಮ್ಮ ಓದುಗರು